ತನ್ನವರನ್ನೇ ಕೇಳುವ ಪ್ರಶ್ನೆ: ಮಂಡ್ಯ ಸೀಮೆಯಲ್ಲಿ ಬರಹಗಾರನ ಹೊಣೆ

ಸಾಹಿತಿಯ ನೈತಿಕ ಹೊಣೆಯ ಚರ್ಚೆಯನ್ನು ಕನ್ನಡದಲ್ಲಿ 1940ರ ದಶಕದ ಪ್ರಗತಿಶೀಲರಿಂದಲೋ 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯಿಂದಲೋ ಆರಂಭಿಸುವುದು ವಾಡಿಕೆ. ಮಂಡ್ಯ ಸೀಮೆಯ ಮಟ್ಟಿಗೆ ಅಷ್ಟು ಹಿಂದಕ್ಕೆ ಹೋದರೆ ಸಾಲದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರಕ್ಕೆ ನಡೆದುಕೊಳ್ಳುವ ನೀಲಗಾರರು ತಂಬೂರಿ ಮೀಟಿ ಹಾಡುತ್ತ ಬಂದ ಮಂಟೇಸ್ವಾಮಿ ಕಾವ್ಯದಲ್ಲೇ ಆ ಪ್ರಶ್ನೆ ಇದೆ.

ಕಾವ್ಯದ ಕಲ್ಯಾಣದ ಸಾಲನ್ನು ನೋಡಬೇಕು. ಮೈಯೆಲ್ಲ ವ್ರಣ, ಮುತ್ತಿದ ನೊಣ, ಹತ್ತಿರ ಸುಳಿಯಲಾಗದ ನಾತ: ಹೀಗೆ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನೆ. ದಾಸೋಹಕ್ಕೆ ಹೆಸರಾದ ಊರಿನಲ್ಲಿ ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ. ಹಾಡುವ ನೀಲಗಾರರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಸಮುದಾಯಗಳವರು. ಅವರಿಗೆ ಬಸವಣ್ಣ ಪೂಜ್ಯನೇ. ಆ ಭಕ್ತಿಯನ್ನು ಬಿಡದೆಯೇ, ಜಾತಿ ಬಿಟ್ಟೆವೆಂದವರಿಗೆ ಜಾತಿ ಬಿಟ್ಟಿತೇ ಎಂದು ಕೇಳುತ್ತಾರೆ. ಹೊಣೆಯೆಂದರೆ ಮೊದಲು ತನ್ನವರನ್ನು ಪ್ರಶ್ನಿಸುವುದು ಎಂಬ ಈ ನಿಲುವು ಮುಂದೆ ಬರಹಕ್ಕೂ ಇಳಿಯಿತು ಎಂಬುದು ನನ್ನ ವಾದ. ನೇರ ಪ್ರಭಾವವೆಂದು ಹೇಳುತ್ತಿಲ್ಲ; ಮನೋಧರ್ಮ ಒಂದೇ.

ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿ (1928–1963) ಮನಶ್ಶಾಸ್ತ್ರ ಓದಿದವರು. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಮರಳುತ್ತಾಳೆ, ಅವಳನ್ನು ಮತ್ತೆ ಕೆಡವುವುದು ಓದಿದ, ಮರ್ಯಾದಸ್ಥ ಮನೆಯ ಅನುಮಾನ. ತ್ರಿವೇಣಿ ಬೆಳೆದ ವರ್ಗವೂ ಅದೇ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ (1938–1998) ಅವರಲ್ಲಿ ಇದು ಇನ್ನಷ್ಟು ತೀಕ್ಷ್ಣ. ಅವರು ಹುಟ್ಟಿದ ವರ್ಷದ ಏಪ್ರಿಲ್‌ನಲ್ಲೇ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಗಾಂಧಿಯ ಹೆಸರನ್ನು ಮಗನಿಗಿಡುವ ರೈತನೊಬ್ಬ ಈ ಸೀಮೆಯಲ್ಲಿ ಅಪರೂಪದ ಕಲ್ಪನೆಯಲ್ಲ. ರಾಮಣ್ಣನವರ ‘ಗಾಂಧಿ’ ಕಥೆಯ ಹುಡುಗ ಅಂಥವನು. ಕಾಯಿಲೆಯಿಂದ ಆಸ್ಪತ್ರೆ ಸೇರಿದ ಅವನನ್ನು ಅಲ್ಲಿಯ ಲಂಚ, ಉದಾಸೀನ ಉಳಿಯಗೊಡುವುದಿಲ್ಲ. ಬರೆದವರು ಸ್ವತಃ ಸರ್ಕಾರಿ ವೈದ್ಯರು. ಸ್ವಾತಂತ್ರ್ಯ ತಂದವನ ಹೆಸರು ಹೊತ್ತ ಮಗು ಸ್ವತಂತ್ರ ದೇಶದ ಆಸ್ಪತ್ರೆಯಲ್ಲಿ ಸಾಯುವುದನ್ನು ಅವರು ಮಂಡ್ಯದ ಒಕ್ಕಲಿನ ಮಾತಿನಲ್ಲೇ ಹೇಳಿದರು. ಆ ಆಡುಮಾತಿನ ಸೊಗಸನ್ನು ವಿಮರ್ಶೆ ಬೇಕಾದಷ್ಟು ಮೆಚ್ಚಿದೆ. ಅದರ ಹಿಂದಿರುವ ಎದೆಗಾರಿಕೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದೇ ನನ್ನ ಅನಿಸಿಕೆ.

ವೈದ್ಯನೇ ಆಗಿದ್ದ ಚೆಕಾಫ್ 1892ರಲ್ಲಿ ‘ವಾರ್ಡ್ ನಂ. 6’ ಬರೆದಾಗ, ಉದಾಸೀನನಾದ ವೈದ್ಯ ಕೊನೆಗೆ ತನ್ನದೇ ವಾರ್ಡಿನಲ್ಲಿ ಬಂದಿಯಾಗುತ್ತಾನೆ. ತಪ್ಪು ಮಾಡಿದವನಿಗೆ ಅಲ್ಲಿ ಶಿಕ್ಷೆಯಾದರೂ ಉಂಟು. ರಾಮಣ್ಣನವರ ಕಥೆಯಲ್ಲಿ ಅಂಥ ಸಮಾಧಾನವಿಲ್ಲ; ಬೆಲೆ ತೆರುವುದು ಹಳ್ಳಿಯ ಆ ಬಡ ಮನೆಯೊಂದೇ.