ಯಾರದೋ ದುಡ್ಡು: ಬ್ಯಾಟನ್ ರೂಜ್ ಶಾಲೆಗಳ ಕಂದಾಯದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಊರಿನ ಶಾಸನ, ವೀರಗಲ್ಲುಗಳ ಬಗ್ಗೆ ನನಗಿಂತ ಬಲ್ಲವರು ಬರೆಯುತ್ತಾರೆ. ನಾನು ದೂರದ ಒಂದು ಊರಿನ ಶಾಲೆಗಳ ಕಥೆ ಹೇಳುತ್ತೇನೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮ ಶಾಲೆಯ ಗುರುಗಳಿಗೆ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಊರಿನ ಮನೆ ಕಂದಾಯ ಪಂಚಾಯಿತಿಗೆ ಹೋಗುತ್ತದೆ; ಅದು ವಸೂಲಾದರೂ ಆಗದಿದ್ದರೂ ಗುರುಗಳ ಸಂಬಳಕ್ಕೆ ಏನೂ ಆಗದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸರ್ಕಾರಿ ಶಾಲೆಯ ಖರ್ಚಿನ ದೊಡ್ಡ ಪಾಲನ್ನು ಊರಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲಿನ ಆಸ್ತಿ ತೆರಿಗೆ ಮೊದಲಾದ ಸ್ಥಳೀಯ ತೆರಿಗೆಗಳಿಂದಲೇ ತುಂಬಬೇಕು. ಕಾರ್ಖಾನೆಗೆ ತೆರಿಗೆ ಬಿಟ್ಟರೆ ಅದರ ಪೆಟ್ಟು ತರಗತಿಯ ಕೊಠಡಿಗೇ ಬೀಳುತ್ತದೆ.

ಹಾಗಿದ್ದರೂ ಬಿಡುತ್ತಲೇ ಬಂದಿದ್ದಾರೆ. ಈ ಚಾಳಿ ಆ ದೇಶದಷ್ಟೇ ಹಳೆಯದು. 1791ರಲ್ಲಿ ಖಜಾನೆಯ ಕಾರ್ಯದರ್ಶಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುತುವರ್ಜಿಯಿಂದ ಹುಟ್ಟಿದ ಕೈಗಾರಿಕಾ ಸಂಘವೊಂದಕ್ಕೆ ನ್ಯೂಜೆರ್ಸಿಯ ಶಾಸನಸಭೆ ತೆರಿಗೆ ವಿನಾಯಿತಿ ಕೊಟ್ಟಿತು. ಅದರಿಂದ ಪ್ಯಾಟರ್ಸನ್ ಎಂಬ ಊರು ಹುಟ್ಟಿತು. ಆದರೆ ಸಂಘದ ಗಿರಣಿ 1796ರಲ್ಲಿ ನಿಂತುಹೋಯಿತು. ಊರು ನಿಜವಾಗಿ ಬೆಳೆದದ್ದು ಅನಂತರ, ಪಸೇಯಿಕ್ ಜಲಪಾತದ ನೀರಿನ ಬಲದಿಂದ.

ಈಗ ನಮ್ಮ ಕಥೆಯ ಊರಿಗೆ ಬರೋಣ. ಮಿಸಿಸಿಪಿ ನದಿಯ ದಡದಲ್ಲಿರುವ ಬ್ಯಾಟನ್ ರೂಜ್, ಲೂಸಿಯಾನ ರಾಜ್ಯದ ರಾಜಧಾನಿ. ಅಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1909ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಕಟ್ಟಿತು. ಇಂದು ಅದು ಎಕ್ಸಾನ್‌ಮೊಬಿಲ್ ಕಂಪನಿಯದು. ಆಗ ಕಂಪನಿಯನ್ನು ಕರೆತಂದದ್ದು ತೆರಿಗೆ ವಿನಾಯಿತಿ ಅಲ್ಲ. ಆ ಯೋಜನೆಯೇ ಇನ್ನೂ ಹುಟ್ಟಿರಲಿಲ್ಲ. ಹಡಗು ಬರುವಷ್ಟು ಆಳದ ನದಿ ಇತ್ತು, ಆಸುಪಾಸಿನ ರಾಜ್ಯಗಳಲ್ಲಿ ಎಣ್ಣೆ ಸಿಗುತ್ತಿತ್ತು.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ದಕ್ಷಿಣದ ರಾಜ್ಯಗಳು ಕಾರ್ಖಾನೆಗಳಿಗಾಗಿ ಬಾಯಿ ಬಿಡುತ್ತಿದ್ದವು. 1936ರಲ್ಲಿ ಲೂಸಿಯಾನ ತನ್ನ ಸಂವಿಧಾನವನ್ನೇ ತಿದ್ದಿ, ಹೊಸ ಕಾರ್ಖಾನೆಗಳಿಗೂ ವಿಸ್ತರಣೆಗಳಿಗೂ 10 ವರ್ಷಗಳವರೆಗೆ ಆಸ್ತಿ ತೆರಿಗೆ ಬಿಡುವ ಏರ್ಪಾಡು ಮಾಡಿತು. ವಿನಾಯಿತಿ ಕೊಡುವ ಅಧಿಕಾರ ರಾಜ್ಯಮಟ್ಟದ ವಾಣಿಜ್ಯ ಮಂಡಳಿಯದು. ಆದರೆ ತೆರಿಗೆಯ ಹಣ ರಾಜ್ಯದ್ದಲ್ಲ. ಅದು ಶಾಲಾ ಮಂಡಳಿಗೆ, ನಗರಕ್ಕೆ, ಪೊಲೀಸ್ ಕೆಲಸ ನೋಡುವ ಶೆರಿಫ್ ಕಚೇರಿಗೆ ಸೇರಬೇಕಾದದ್ದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ಅನ್ನುವುದು ಇದಕ್ಕೇ. ಕೊಡುವವರ ಜೇಬು ಖಾಲಿಯಾಗದಿದ್ದರೆ ತೂಕ ಹಾಕಿ ನೋಡುವ ಗೋಜಿಗೆ ಯಾರು ಹೋಗುತ್ತಾರೆ? 80 ವರ್ಷ ಹೀಗೆಯೇ ನಡೆಯಿತು.

ತೂಕ ಹಾಕುವುದೂ ಸುಲಭವಲ್ಲ ಎನ್ನಬೇಕು. ವಿನಾಯಿತಿ ಇಲ್ಲದಿದ್ದರೂ ಕಂಪನಿ ಬರುತ್ತಿತ್ತೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಬರುತ್ತಿತ್ತೆಂದಾದರೆ ಬಿಟ್ಟ ಹಣವೆಲ್ಲ ನಷ್ಟ. ಮಿಷಿಗನ್‌ನ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಇಂಥ ರಿಯಾಯಿತಿಗಳು ಕಂಪನಿಯ ತೀರ್ಮಾನವನ್ನು ತಿರುಗಿಸುವುದು ನೂರಕ್ಕೆ 2ರಿಂದ 25 ಸಂದರ್ಭಗಳಲ್ಲಿ ಮಾತ್ರ ಎಂದು 2018ರಲ್ಲಿ ಅಂದಾಜು ಮಾಡಿದರು. ದೊಡ್ಡ ಅಂಕಿಯನ್ನೇ ಹಿಡಿದರೂ ನಾಲ್ಕರಲ್ಲಿ ಮೂರು ಸಲ ಹಣ ಸುಮ್ಮನೆ ಕೊಟ್ಟಂತೆ.

2016ರ ಜೂನ್‌ನಲ್ಲಿ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಒಂದು ಆದೇಶ ಹೊರಡಿಸಿದರು. ಇನ್ನು ಮುಂದೆ ತೆರಿಗೆ ಯಾರಿಗೆ ಸೇರಬೇಕೋ ಅವರ ಒಪ್ಪಿಗೆ ಬೇಕು, ಕಂಪನಿ ಉದ್ಯೋಗವನ್ನೂ ಕೊಡಬೇಕು ಎಂಬುದು ಅದರ ತಿರುಳು. ಶಾಲಾ ಮಂಡಳಿಯ ಕೈಗೆ ಮೊದಲ ಬಾರಿಗೆ ತಕ್ಕಡಿ ಬಂತು.

2018ರ ಅಕ್ಟೋಬರ್‌ನಲ್ಲಿ ಆ ಊರಿನ ಶಿಕ್ಷಕರ ಸಂಘ, ಇಂಥ ವಿನಾಯಿತಿಗಳನ್ನು ವಿರೋಧಿಸಿ ಒಂದು ದಿನ ಪಾಠ ಬಿಟ್ಟು ಹೊರಬರಲು ಹೆಚ್ಚುಕಡಿಮೆ ಒಮ್ಮತದಿಂದ ಮತ ಹಾಕಿತು. ಸಂಬಳ ಏರಿಸಿ ಎಂದು ಶಿಕ್ಷಕರು ಮುಷ್ಕರ ಹೂಡುವುದನ್ನು ಕಂಡಿದ್ದೇವೆ. ಕಾರ್ಖಾನೆಯ ತೆರಿಗೆ ಬಿಡಬೇಡಿ ಎಂದು ಎದ್ದು ನಿಂತದ್ದು ನಾನು ಕೇಳಿದ್ದು ಇದೊಂದೇ.

2019ರ ಜನವರಿಯಲ್ಲಿ ಎಕ್ಸಾನ್‌ಮೊಬಿಲ್ ಅರ್ಜಿ ಶಾಲಾ ಮಂಡಳಿಯ ಮುಂದೆ ಬಂತು. 10 ವರ್ಷಗಳಲ್ಲಿ ಬಿಡಬೇಕಾದ ತೆರಿಗೆ ಸುಮಾರು 29 ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 20 ಕೋಟಿ ರೂಪಾಯಿ. ಕಂಪನಿಯ ಪರ ಮಾತಾಡಿದವರ ವಾದವೂ ಪೊಳ್ಳಲ್ಲ. ಅದು ಆ ಭಾಗದಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದೆ, ಬೇರೆ ಆಸ್ತಿಗಳ ಮೇಲೆ ದೊಡ್ಡ ಮೊತ್ತದ ತೆರಿಗೆ ಕಟ್ಟುತ್ತದೆ. ಇಲ್ಲಿ ಬೇಡವೆಂದರೆ ಪಕ್ಕದ ಟೆಕ್ಸಾಸ್ ಇದೆ. ಅಲ್ಲಿಯೂ 2001ರಿಂದ ಶಾಲಾ ತೆರಿಗೆಯಲ್ಲೇ ರಿಯಾಯಿತಿ ಕೊಡುವ ಕಾನೂನಿತ್ತು. ಆದರೆ ಅರ್ಜಿಯಲ್ಲಿದ್ದ ಕಾಮಗಾರಿಗಳು 2017ರಲ್ಲೇ ಮುಗಿದಿದ್ದವು! ಕಟ್ಟಿ ಮುಗಿಸಿದ ಮೇಲೆ ಕರೆತರುವ ಮಾತೆಲ್ಲಿ? ಮಂಡಳಿ 5-4 ಮತಗಳಿಂದ ಅರ್ಜಿಯನ್ನು ತಳ್ಳಿಹಾಕಿತು. ಕಾರ್ಖಾನೆಯೇನೂ ಊರು ಬಿಟ್ಟು ಹೋಗಲಿಲ್ಲ. ಆದರೂ ಒಂದೇ ಮತದ ಅಂತರ ನೋಡಿದರೆ, ಆ ಒಂಬತ್ತು ಮಂದಿಗೆ ಅದು ಹಗುರವಾದ ತೀರ್ಮಾನವಾಗಿರಲಿಲ್ಲ.

2024ರ ಫೆಬ್ರವರಿಯಲ್ಲಿ ಹೊಸ ಗವರ್ನರ್ ಜೆಫ್ ಲ್ಯಾಂಡ್ರಿ ನಿಯಮಗಳನ್ನು ಮತ್ತೆ ಬದಲಿಸಿದರು. ಉದ್ಯೋಗ ಕೊಡಲೇಬೇಕೆಂಬ ಷರತ್ತು ಹೋಯಿತು. ಶಾಲಾ ಮಂಡಳಿ, ನಗರ, ಶೆರಿಫ್ ಪ್ರತ್ಯೇಕವಾಗಿ ಮತ ಹಾಕುತ್ತಿದ್ದ ಜಾಗದಲ್ಲಿ ಈಗ ಇವರೆಲ್ಲರ ಒಂದು ಸಣ್ಣ ಸಮಿತಿ ಇದೆ. ಅದರಲ್ಲಿ ಶಾಲೆಗಳಿಗೆ ಇರುವುದು ಒಂದು ಕುರ್ಚಿ.