ಲ್ಯಾಟಿನ್‌ನ ಕತ್ತಲೆ ಸಂಸ್ಕೃತದಿಂದ ಹೋಯಿತೇ?

ಲ್ಯಾಟಿನ್‌ನಲ್ಲಿ ಕತ್ತಲೆಗೆ ‘ತೆನೆಬ್ರೈ’ ಎಂಬ ಪದವಿದೆ. ಸಂಸ್ಕೃತದಲ್ಲಿ ‘ತಮಸ್’ ಎಂದರೆ ಕತ್ತಲೆ, ‘ತಮಿಸ್ರಾ’ ಎಂದರೆ ಕಾರಿರುಳು. ಇಂಥ ಹೋಲಿಕೆ ಕಂಡೊಡನೆ ‘ನೋಡಿ, ಲ್ಯಾಟಿನ್ ಹುಟ್ಟಿದ್ದೇ ಸಂಸ್ಕೃತದಿಂದ’ ಎನ್ನುವವರಿದ್ದಾರೆ. ಹೋಲಿಕೆ ನಿಜ, ತೀರ್ಮಾನ ತಪ್ಪು. ಏಕೆಂದು ನೋಡೋಣ.

ಈ ಎರಡು ಪದಗಳು ತಾಯಿ-ಮಗಳಲ್ಲ, ಅಕ್ಕ-ತಂಗಿಯರು. ಸಂಸ್ಕೃತ, ಲ್ಯಾಟಿನ್ ಎರಡಕ್ಕೂ ಮೂಲವಾದ, ಈಗ ಉಳಿದಿಲ್ಲದ ಒಂದು ಭಾಷೆ ಇದ್ದಿರಬೇಕೆಂದು 1786ರಲ್ಲಿ ಕೋಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಹೇಳಿದರು. ಆ ಮೂಲವನ್ನು ಇಂದು ಆದಿ ಇಂಡೋ-ಯುರೋಪಿಯನ್ ಎನ್ನುತ್ತೇವೆ.

ಇದನ್ನು ತಿಳಿಯುವುದು ಹೇಗೆ? ಧ್ವನಿಗಳು ಬದಲಾಗುವ ಕ್ರಮದಿಂದ. ಹಳೆಯ ‘ಸ್ರ’ ಪದದ ನಡುವೆ ಬಂದರೆ ಲ್ಯಾಟಿನ್‌ನಲ್ಲಿ ‘ಬ್ರ’ ಆಗುತ್ತದೆ. ಚಿಕ್ಕಮ್ಮ-ದೊಡ್ಡಮ್ಮನ ಮಗನನ್ನು ಹೇಳುವ ‘ಕೋನ್‌ಸೋಬ್ರೀನುಸ್’ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಸೋದರಿಗಿರುವ ‘ಸ್ವಸೃ’ ಪದಕ್ಕೂ ಅದಕ್ಕೂ ಬೇರು ಒಂದೇ, ಅಲ್ಲೂ ‘ಸ್ರ’ ಹೋಗಿ ‘ಬ್ರ’ ಬಂದಿದೆ. ತಮಿಸ್ರಾದ ‘ಸ್ರ’, ತೆನೆಬ್ರೈಯ ‘ಬ್ರ’ ಇದೇ ಲೆಕ್ಕ. ಮೂಲದ ‘ಮ’ ಲ್ಯಾಟಿನ್‌ನಲ್ಲಿ ‘ನ’ ಆಗಿದೆ. ಆದರೆ ಹಿಂದೆಮುಂದೆ ನೋಡದೆ, ಕುರುಡಾಗಿ ಎಂಬ ಅರ್ಥದ ‘ತೆಮೆರೆ’ಯಲ್ಲಿ ಆ ‘ಮ’ ಹಾಗೆಯೇ ಉಳಿದಿದೆ.

ಲ್ಯಾಟಿನ್ ನಿಜವಾಗಿ ತಾಯಿಯಾದದ್ದು ರೋಮಾನ್ಸ್ ಭಾಷೆಗಳಿಗೆ. ಸ್ಪ್ಯಾನಿಷ್‌ನಲ್ಲಿ ‘ರ’ಕಾರ ‘ಲ’ಕಾರವಾಗಿ ‘ತಿನಿಯೇಬ್ಲಾಸ್’ ಬಂತು. ಎರಡು ಸ್ವರಗಳ ನಡುವಿನ ‘ನ’ಕಾರವನ್ನು ಬಿಟ್ಟುಬಿಡುವುದು ಪೋರ್ಚುಗೀಸಿನ ರೂಢಿ. ಚಂದ್ರನಿಗಿದ್ದ ‘ಲೂನಾ’ ಅಲ್ಲಿ ‘ಲೂಅ’ ಆದಂತೆ, ಕತ್ತಲೆಯೂ ಸವೆದು ‘ತ್ರೇವಾಸ್’ ಆಯಿತು. ಇಟಾಲಿಯನ್‌ನ ‘ತೇನೆಬ್ರೆ’, ಫ್ರೆಂಚ್‌ನ ‘ತೆನೆಬ್ರ್’ ಲ್ಯಾಟಿನ್ ರೂಪಕ್ಕೆ ಹತ್ತಿರದಲ್ಲೇ ಉಳಿದವು.

ಒಂದು ವಿಶೇಷವಿದೆ. ಲ್ಯಾಟಿನ್‌ನಲ್ಲಿ ಈ ಪದ ಸಾಮಾನ್ಯವಾಗಿ ಬಹುವಚನದಲ್ಲೇ ಬರುತ್ತದೆ, ಈ ನಾಲ್ಕು ಭಾಷೆಗಳಲ್ಲೂ ಹಾಗೆಯೇ. ನಾವು ‘ಕತ್ತಲೆಗಳು’ ಎನ್ನುವುದಿಲ್ಲ, ಅವರು ಎನ್ನುತ್ತಾರೆ! ಕರೆಂಟು ಹೋದಾಗಿನ ಕತ್ತಲೆಗೆ ಸ್ಪ್ಯಾನಿಷರು ಸಾಮಾನ್ಯವಾಗಿ ‘ಓಸ್ಕುರಿದಾದ್’ ಎನ್ನುತ್ತಾರೆ. ‘ತಿನಿಯೇಬ್ಲಾಸ್’ಗೆ ಧರ್ಮಗ್ರಂಥದ, ಕಾವ್ಯದ ಗಾಂಭೀರ್ಯವಿದೆ. ನಮ್ಮ ‘ಕತ್ತಲೆ’ಗೂ ‘ತಮಸ್ಸಿ’ಗೂ ಇರುವ ವ್ಯತ್ಯಾಸದಂತೆಯೇ ಇದು.

ಹಾಗಾದರೆ ಕನ್ನಡದ ಸಂಬಂಧ? ‘ತಮ’, ‘ತಮಸ್ಸು’, ‘ತಾಮಸ’ ನಾವು ಸಂಸ್ಕೃತದಿಂದ ಪಡೆದವು, ಆ ದಾರಿಯಲ್ಲಿ ತೆನೆಬ್ರೈಗೆ ದೂರದ ನೆಂಟರು. ‘ಕತ್ತಲೆ’, ‘ಇರುಳು’ ದ್ರಾವಿಡ ಮೂಲದವು, ಆ ಕುಟುಂಬಕ್ಕೆ ಸೇರಿದವಲ್ಲ.

ಎರಡು ಪದಗಳು ಒಂದೇ ತರಹ ಕೇಳಿಸಿದರೆ ಅಷ್ಟೇ ಸಾಲದು. ಅದೇ ಬದಲಾವಣೆ ಬೇರೆ ಪದಗಳಲ್ಲೂ ಕಾಣುತ್ತದೆಯೇ ಎಂದು ನೋಡಬೇಕು. ಕಂಡರೆ ಅದು ನೆಂಟಸ್ತಿಕೆ, ಇಲ್ಲದಿದ್ದರೆ ಬರಿಯ ಕಾಕತಾಳೀಯವೂ ಆಗಿರಬಹುದು.