ತೋಳಿನುದ್ದದ ಲೆಕ್ಕ

ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಯವರಿಗೆ ‘ಐರನ್ ಫಾರ್ಮ್’ ಎಂಬ ಮಾತು ಹೊಸದಲ್ಲ. ಹೆಸರಿಗೆ ಫಾರ್ಮ್, ಬೆಳೆಯುವುದು ಮಾತ್ರ ಕಬ್ಬಿಣ. ಆಟದೊಳಗಿನ ಹಳ್ಳಿಗರನ್ನು ಒಂದು ಕೋಣೆಯಲ್ಲಿಟ್ಟು ಎದುರಿಗೆ ಜೊಂಬಿಯನ್ನು ತಂದು ನಿಲ್ಲಿಸಿದರೆ, ಹೆದರಿದವರನ್ನು ಕಾಯಲು ಕಬ್ಬಿಣದ ದೈತ್ಯನೊಬ್ಬ ಹುಟ್ಟುತ್ತಾನೆ. ನೀರು ಅವನನ್ನು ಲಾವಾದತ್ತ ತಳ್ಳುತ್ತದೆ. ಅವನು ಸತ್ತು ಉಳಿದ ಕಬ್ಬಿಣ ಪೆಟ್ಟಿಗೆಗೆ ಬಂದು ಬೀಳುತ್ತದೆ. ಕ್ರೂರವೇ ಸರಿ, ಆದರೆ ಜಾಣತನದ ಕೆಲಸ.

ಇಂಥ ಯಂತ್ರಗಳು ಒಂದೇ ದಿನ ಹುಟ್ಟಿದ್ದಲ್ಲ. ವಿದ್ಯುತ್ತಿನಂತೆ ಸಂಕೇತ ಸಾಗಿಸುವ ರೆಡ್‌ಸ್ಟೋನ್ 2010ರಲ್ಲಿ ಆಟಕ್ಕೆ ಬಂತು, ತಳ್ಳುವ ಪಿಸ್ಟನ್ 2011ರಲ್ಲಿ, ಬಿದ್ದದ್ದನ್ನು ತಾನೇ ಎತ್ತಿಕೊಳ್ಳುವ ಹಾಪರ್ 2013ರಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಈ ಆಟದ ಕಂಪನಿಯನ್ನು 250 ಕೋಟಿ ಡಾಲರಿಗೆ ಕೊಂಡಿತು. ಆಗ ಅದರ ಮುಖ್ಯಸ್ಥರಾಗಿದ್ದವರು ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ.

ಫಾರ್ಮ್ ಕಟ್ಟುವವರು ಮೊದಲು ಕಲಿಯುವುದು ತಾವು ಸಾಯದಿರುವುದನ್ನು. ಕತ್ತಲಿದ್ದರೆ ರಾಕ್ಷಸರು ಹುಟ್ಟುತ್ತಾರೆ, ಆದ್ದರಿಂದ ಓಡಾಡುವ ಕಡೆಯೆಲ್ಲ ದೀವಟಿಗೆ. ಲಾವಾಕ್ಕೂ ತಮಗೂ ನಡುವೆ ಗೋಡೆ, ನೋಡಬೇಕೆಂದರೆ ಗಾಜು. ರಾಕ್ಷಸರನ್ನು ಹಿಡಿಯುವ ಫಾರ್ಮಿನಿಂದ ಕನಿಷ್ಠ 24 ಬ್ಲಾಕ್ ದೂರ ನಿಲ್ಲಬೇಕು. ಹತ್ತಿರ ಹೋದರೆ ಅವರು ಹುಟ್ಟುವುದೇ ಇಲ್ಲ. ಅಂದರೆ ಅಲ್ಲಿ ದೂರ ನಿಂತವನಿಗೇ ಹೆಚ್ಚು ಫಸಲು. ಜೀವದ ಎಚ್ಚರವೂ ಲಾಭವೂ ಹೀಗೆ ಒಂದೇ ದಿಕ್ಕಿಗೆ ನಡೆಯುವುದು ಆಟದಲ್ಲಿ ಮಾತ್ರ ಎಂದು ನನಗನ್ನಿಸುತ್ತದೆ.

ನೋಯ್ಡಾ, ಗುರುಗ್ರಾಮದ ಫ್ಲ್ಯಾಟುಗಳಲ್ಲಿ ಕುಳಿತು ಮಕ್ಕಳು ಈ ಆಟ ಆಡುತ್ತಾರಲ್ಲ, ಆ ಕಟ್ಟಡಗಳೆದ್ದ ನೆಲದ ಬಹುಪಾಲು ಹಿಂದೆ ಹೊಲವಾಗಿತ್ತು. ಯಂತ್ರಕ್ಕೂ ಮನುಷ್ಯನಿಗೂ ನಡುವೆ ಎಷ್ಟು ಅಂತರವಿರಬೇಕು ಎಂಬ ಲೆಕ್ಕವನ್ನು ಈ ಸೀಮೆ ಒಮ್ಮೆ ನಿಜವಾದ ಕೈಗಳನ್ನು ಕೊಟ್ಟು ಕಲಿತಿದೆ.

1960ರ ದಶಕದ ನಡುವಿನಲ್ಲಿ ದೆಹಲಿಯ ಪೂಸಾ ಸಂಸ್ಥೆಯ ವಿಜ್ಞಾನಿಗಳು, ಎಂ. ಎಸ್. ಸ್ವಾಮಿನಾಥನ್ ಅವರ ಮುಂದಾಳ್ತನದಲ್ಲಿ, ದೆಹಲಿಯ ಅಂಚಿನ ಜೌಂತಿ ಎಂಬ ಹಳ್ಳಿಯನ್ನು ಗಿಡ್ಡ ಗೋಧಿಯ ಬೀಜದ ಹಳ್ಳಿಯಾಗಿ ಮಾಡಿದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ಬಂತು. ಇಳುವರಿ ಏರಿತು. ಏರಿದ್ದನ್ನು ಒಕ್ಕುವುದು ಹೇಗೆ? ಕಣದಲ್ಲಿ ಎತ್ತು ತುಳಿಸಿ ಆಗುವ ಕೆಲಸವಲ್ಲ ಅದು. ಏಪ್ರಿಲ್‌ನಲ್ಲಿ ಕೊಯ್ಲು, ಮಳೆ ಬೀಳುವ ಮೊದಲು ಕಾಳು ಮನೆ ಸೇರಬೇಕು. ಹೀಗೆ ಹರಿಯಾಣ, ಪಂಜಾಬ್, ಪಶ್ಚಿಮ ಉತ್ತರಪ್ರದೇಶದ ತುಂಬ ಒಕ್ಕಣೆ ಯಂತ್ರಗಳು, ಅಂದರೆ ಥ್ರೆಶರ್‌ಗಳು ಹರಡಿಕೊಂಡವು. ಸಣ್ಣಪುಟ್ಟ ವರ್ಕ್‌ಶಾಪುಗಳೂ ಅವನ್ನು ಮಾಡಿ ಮಾರಿದವು.

ಆ ಯಂತ್ರ ಕಾಳು ಬಿಡಿಸಿದರೆ ಸಾಲದು, ಹುಲ್ಲನ್ನೂ ನುಣ್ಣಗೆ ಕತ್ತರಿಸಿಕೊಡಬೇಕು. ಭೂಸಾ ಎಮ್ಮೆಯ ಮೇವು, ಅದಕ್ಕೂ ಬೆಲೆಯಿದೆ. ಹಾಗಾಗಿ ಒಳಗೆ ತಿರುಗುವುದು ಬಲವಾದ ಡ್ರಮ್ಮು. ಅದರ ಬಾಯಿಗೆ ಕೈಯಿಂದ ಕಟ್ಟು ಕಟ್ಟಾಗಿ ಗೋಧಿ ತಳ್ಳಬೇಕು. ಬಿಸಿಲಲ್ಲಿ, ಧೂಳಿನಲ್ಲಿ, ರಾತ್ರಿ ಸಾಲದ ಬೆಳಕಿನಲ್ಲಿ, ಹೆಚ್ಚಾಗಿ ಕೂಲಿಯವರೇ. ಪೈರಿನ ಜೊತೆ ಬೆರಳು ಹೋಯಿತು, ಅಂಗೈ ಹೋಯಿತು, ಕೆಲವೊಮ್ಮೆ ಇಡೀ ತೋಳು. ‘ಎಚ್ಚರ ತಪ್ಪಿದ’ ಎಂದು ಊರು ಹೇಳಿತು. ಆಟದಲ್ಲಿ ಯಂತ್ರ ಕಟ್ಟಿದವನೇ ಅದರ ಪಕ್ಕ ನಿಲ್ಲುವವನು. ಇಲ್ಲಿ ಮಾಡಿದವನೊಬ್ಬ, ಕೊಂಡವನೊಬ್ಬ, ಕೈ ಕೊಡುವವನು ಮೂರನೆಯವನು.

1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ಅಪಾಯಕಾರಿ ಯಂತ್ರವೆಂದು ಅದು ಹೆಸರಿಸಿದ್ದು ವಿದ್ಯುತ್ತು ಅಥವಾ ಎಂಜಿನ್‌ನಿಂದ ಓಡುವ ಥ್ರೆಶರನ್ನೇ. ತಯಾರಕರ ಹೊಣೆಯ ಜೊತೆಗೆ, ಸತ್ತವರಿಗೆ, ಕೈಕಾಲು ಕಳೆದುಕೊಂಡವರಿಗೆ ಪರಿಹಾರದ ಮಾತೂ ಅದರಲ್ಲಿದೆ. ಭಾರತೀಯ ಮಾನಕ ಸಂಸ್ಥೆಯ ಪರಿಹಾರ ಇನ್ನೂ ಸರಳ: ಪೈರು ತಳ್ಳುವ ದೋಣಿ ಸುಮಾರು 90 ಸೆಂಟಿಮೀಟರ್ ಉದ್ದವಿರಲಿ, ಡ್ರಮ್ಮಿನ ಕಡೆಯ ಅರ್ಧಕ್ಕೆ ಮುಚ್ಚಳವಿರಲಿ. ಅಷ್ಟು ಉದ್ದಕ್ಕೆ ಮನುಷ್ಯನ ತೋಳು ನಿಲುಕುವುದಿಲ್ಲ. ನಿದ್ದೆಗಣ್ಣಿನವನದ್ದೂ ನಿಲುಕುವುದಿಲ್ಲ. ಆ ತಗಡಿನ ದೋಣಿಯನ್ನು ನಾನು ಕಾಯ್ದೆಗಿಂತ ದೊಡ್ಡದೆಂದು ಎಣಿಸುತ್ತೇನೆ.

ದೆಹಲಿ ಐಐಟಿಯ ದಿನೇಶ್ ಮೋಹನ್ ಜೀವನವಿಡೀ ವಾದಿಸಿದ್ದು ಇದನ್ನೇ. ರಸ್ತೆ ಸುರಕ್ಷತೆಯ ತಜ್ಞರೆಂದು ಅವರನ್ನು ಬಹಳ ಜನ ಬಲ್ಲರು. ಹರಿಯಾಣದ ಹಳ್ಳಿಗಳಲ್ಲಿ ಬೇಸಾಯದ ಉಪಕರಣಗಳಿಂದಾಗುವ ಗಾಯಗಳನ್ನು ಲೆಕ್ಕ ಹಾಕಿಸಿದವರೂ ಅವರೇ. ಅದರ ಮೇಲೆ ರಾಜೇಶ್ ಪಟೇಲ್ ಜೊತೆ ಬರೆದ ಪ್ರಬಂಧ 1992ರಲ್ಲಿ ಬಂತು. ಅವರ ಗಮನ ಸೆಳೆದ ಇನ್ನೊಂದು ಯಂತ್ರ ಮೇವು ಕತ್ತರಿಸುವ ಚಕ್ರ. ಮನೆಯಂಗಳದಲ್ಲೇ ಇರುತ್ತದೆ, ದೊಡ್ಡ ಚಕ್ರಕ್ಕೆ ಅಲಗು ಬಿಗಿದಿರುತ್ತದೆ. ಮಕ್ಕಳಿಗೆ ಅದು ಆಟಿಕೆ: ಒಬ್ಬ ತಿರುಗಿಸುತ್ತಾನೆ, ಇನ್ನೊಬ್ಬನ ಬೆರಳು ಒಳಗೆ.

‘ಮಕ್ಕಳನ್ನು ದೂರವಿಡಿ’ ಎಂದು ಬೋರ್ಡು ಬರೆಸಿ ಅವರು ಸುಮ್ಮನಾಗಲಿಲ್ಲ. ಅಲಗಿಗೆ ಕಾವಲು, ಕೈ ಹಲ್ಲುಗಾಲಿಗೆ ಸಿಗುವ ಮೊದಲೇ ತಗುಲಿ ಎಚ್ಚರಿಸುವ ಉರುಳೆ, ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಬೀಗ. ಹಳೆಯ ಯಂತ್ರಕ್ಕೂ ಊರಿನ ಕಮ್ಮಾರನೇ ಜೋಡಿಸಬಹುದಾದ ಬದಲಾವಣೆಗಳು ಇವು. ಮೋಹನ್ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಗೋಧಿಯ ದೊಡ್ಡ ಹೊಲಗಳಿಗೆ ಈಗ ಕಂಬೈನ್ ಬಂದಿದೆ, ಡ್ರಮ್ಮಿಗೆ ಕೈಯಿಂದ ಕಟ್ಟು ತಳ್ಳುವ ಕೆಲಸ ಅಲ್ಲಿ ಕಡಿಮೆಯಾಗಿದೆ. ಮೇವಿನ ಯಂತ್ರ ಮಾತ್ರ ಹೋಗಿಲ್ಲ. ಎಮ್ಮೆ ಇರುವಲ್ಲಿ ಅದೂ ಇರುತ್ತದೆ. ಕೈಯಿಂದ ತಿರುಗಿಸುತ್ತಿದ್ದ ಚಕ್ರಕ್ಕೆ ಈಗ ಹಲವು ಕಡೆ ಮೋಟಾರು ಕೂತಿದೆ. ಕೈಚಕ್ರಕ್ಕೆ ಯೋಚಿಸಿದ ಬೀಗ, ಸ್ವಿಚ್ ಹಾಕಿದ ಮೇಲೆ ಓಡುತ್ತಲೇ ಇರುವ ಮೋಟಾರಿಗೆ ಸಾಕಾಗುವುದಿಲ್ಲ.